ಕಿಮ್ಚಿ ಮಾಡುವ ಮುಂಚೆ ಇದನ್ನೊಮ್ಮೆ ಓದಿ

ಎಲ್ಲರಿಗೂ ನಮಸ್ಕಾರ. ಕಿಮ್ಚಿ, ಅಂದರೆ ತರಕಾರಿಯನ್ನು ಉಪ್ಪು ಹಾಕಿ ಹುಳಿ ಬರಿಸುವ ಕೊರಿಯಾದ ಉಪ್ಪಿನಕಾಯಿಯಂಥ ತಿನಿಸಿನ ಬಗ್ಗೆ ತುಂಬ ಜನ ಕೇಳುತ್ತಿದ್ದೀರಿ, ಅದಕ್ಕೆ ಒಂದೇ ಕಡೆ ಬರೆಯುತ್ತಿದ್ದೇನೆ.

ಎಲೆಕೋಸಿಗೆ ಸುಮ್ನೆ ವಿನೆಗರ್ ಸುರಿದರೆ ಕಿಮ್ಚಿ ಆಗುವುದಿಲ್ಲ. ಹುಳಿ ತಾನಾಗಿ ಬರಬೇಕು. ತರಕಾರಿಯಲ್ಲೇ ಇರುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಅದರ ಸಕ್ಕರೆ ತಿಂದು ಹುಳಿ ಮಾಡುತ್ತವೆ, ನಮ್ಮ ದೋಸೆ ಹಿಟ್ಟು ಹುಳಿ ಬರುವ ಹಾಗೆ.

ಕೊರಿಯಾದವರು ಹೆಚ್ಚಾಗಿ ಬಳಸುವುದು ಉದ್ದನೆಯ ಚೈನೀಸ್ ಕ್ಯಾಬೇಜ್. ಅದನ್ನು ಸೀಳಿ, ಒಂದೊಂದು ಎಲೆಗೂ ಉಪ್ಪು ಸವರಿ, ದಂಟು ಮುರಿಯದೆ ಬಗ್ಗುವಷ್ಟು ಮೆತ್ತಗಾಗುವ ತನಕ ಕೆಲವು ಗಂಟೆ ಬಿಟ್ಟು, ಆಮೇಲೆ ಚೆನ್ನಾಗಿ ತೊಳೆದು ನೀರು ಸೋರಲು ಇಡುತ್ತಾರೆ. ಇಲ್ಲಿ ಅವಸರ ಬೇಡವೇ ಬೇಡ, ಉಪ್ಪು ಕಡಿಮೆಯಾದರೆ ಬೇಡದ ಬ್ಯಾಕ್ಟೀರಿಯಾ ಬೆಳೆಯುತ್ತವೆ. ನಂತರ ಅಕ್ಕಿ ಹಿಟ್ಟಿನ ಗಂಜಿಗೆ ಗೊಚುಗಾರು ಅನ್ನುವ ಮೆಣಸಿನಪುಡಿ, ಬೆಳ್ಳುಳ್ಳಿ, ಶುಂಠಿ, ಮೂಲಂಗಿ, ಈರುಳ್ಳಿ ಸೊಪ್ಪು ಕಲಸಿ ಎಲೆಗಳ ನಡುವೆ ಹಚ್ಚುತ್ತಾರೆ. ಗೊಚುಗಾರು ಸಿಗದಿದ್ದರೆ ಬ್ಯಾಡಗಿ ಪುಡಿ ಹಾಕಿ, ಬಣ್ಣ ಚೆನ್ನಾಗಿ ಬರುತ್ತದೆ, ಖಾರ ಜಾಸ್ತಿ ಇರಲ್ಲ.

ಸಸ್ಯಾಹಾರಿಗಳು ದಯವಿಟ್ಟು ಗಮನಿಸಿ: ಅಂಗಡಿ ಕಿಮ್ಚಿಯಲ್ಲಿ ಮೀನಿನ ಸಾಸ್ ಅಥವಾ ಸಿಗಡಿ ಇರುವುದೇ ಹೆಚ್ಚು. ಲೇಬಲ್ ಓದದೆ ತರಬೇಡಿ.

ಚಳಿಗಾಲಕ್ಕೆ ಮುಂಚೆ ಮನೆಮಂದಿ, ನೆರೆಹೊರೆಯವರೆಲ್ಲ ಸೇರಿ ರಾಶಿಗಟ್ಟಲೆ ಕಿಮ್ಚಿ ಹಾಕುವುದಕ್ಕೆ ಅಲ್ಲಿ ಕಿಮ್‌ಜಾಂಗ್ ಎನ್ನುತ್ತಾರೆ, ದಕ್ಷಿಣ ಕೊರಿಯಾದ ಈ ಪದ್ಧತಿ 2013ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಹಿಂದೆ ಮಣ್ಣಿನ ಜಾಡಿಯಲ್ಲಿ ತುಂಬಿ ನೆಲದಲ್ಲಿ ಹೂಳುತ್ತಿದ್ದರು. ಖಾರವೇ ಇಲ್ಲದ ಬಿಳಿ ಕಿಮ್ಚಿಯೂ ಇದೆ, ಮಕ್ಕಳಿಗೆ ಅದು ಒಳ್ಳೆಯದು.

ನಮ್ಮ ಸೆಕೆಗೆ ಹೊರಗೆ ಒಂದೆರಡು ದಿನ ಸಾಕು, ಆಮೇಲೆ ಫ್ರಿಜ್. ಜಾಡಿ ಪೂರ್ತಿ ತುಂಬಬೇಡಿ, ಗ್ಯಾಸ್ ಬರುತ್ತದೆ, ದಿನಕ್ಕೊಮ್ಮೆ ಮುಚ್ಚಳ ತೆಗೆದು ತರಕಾರಿಯನ್ನು ರಸದೊಳಗೆ ಒತ್ತಿ. ಬೂಷ್ಟು ಕಂಡರೆ ಎಸೆದುಬಿಡಿ.