ಲಂಕಾ: ನೆಮ್ಮದಿಯ ಜೊತೆಗೊಂದು ಅಳುಕು

ಮಾನ್ಯರೇ,

2022ರಲ್ಲಿ ಶ್ರೀಲಂಕಾದ ಪೆಟ್ರೋಲ್ ಬಂಕ್‌ಗಳ ಮುಂದೆ ದಿನಗಟ್ಟಲೆ ಸಾಲು ನಿಂತು, ಆಟೊದೊಳಗೇ ಮುದುಡಿ ಮಲಗುತ್ತಿದ್ದ ಚಾಲಕರ ಚಿತ್ರಗಳನ್ನು ಕಂಡಿದ್ದ ನನಗೆ, 2024ರ ಸೆಪ್ಟೆಂಬರ್‌ನಲ್ಲಿ ಅನುರ ಕುಮಾರ ದಿಸ್ಸಾನಾಯಕೆ ಅವರು ಜನರ ಮತದಿಂದಲೇ ಅಧ್ಯಕ್ಷರಾದದ್ದು ದೊಡ್ಡ ಸಮಾಧಾನ ತಂದಿತು. 2022ರಲ್ಲಿ ಅಧ್ಯಕ್ಷರಾಗಿದ್ದ ಗೊಟಬಯ ರಾಜಪಕ್ಸ ಅವರು ಜನರ ಸಿಟ್ಟಿಗೆ ಬೆದರಿ ದೇಶ ತೊರೆದ ನಾಡಿನಲ್ಲಿ, ಎರಡನೇ ಸುತ್ತಿನ ಎಣಿಕೆಯವರೆಗೂ ಹೋದ ಚುನಾವಣೆಯ ಬಳಿಕ ಅಧಿಕಾರ ಶಾಂತವಾಗಿ ಕೈಬದಲಾಯಿಸಿತು ಎಂಬುದು ಸಣ್ಣ ಮಾತಲ್ಲ.

ಆದರೆ ನವೆಂಬರ್‌ನಲ್ಲಿ 225 ಸದಸ್ಯಬಲದ ಸಂಸತ್ತಿನಲ್ಲಿ ದಿಸ್ಸಾನಾಯಕೆ ಅವರ ಮೈತ್ರಿಕೂಟಕ್ಕೆ 159 ಸ್ಥಾನ ದೊರೆತಾಗಿನಿಂದ ಅಳುಕೂ ಕಾಡುತ್ತಿದೆ. ಇಂಥದ್ದೇ ಮೂರನೇ ಎರಡರಷ್ಟು ಬಲವನ್ನು 2020ರಲ್ಲಿ ಬಳಸಿ, ಸಂವಿಧಾನದ 20ನೇ ತಿದ್ದುಪಡಿಯ ಮೂಲಕ ಅಧ್ಯಕ್ಷರ ಅಧಿಕಾರವನ್ನು ಹಿಗ್ಗಿಸಲಾಗಿತ್ತು. ಈಗಿನವರು ಆ ಪದವಿಯ ಕಾರ್ಯಾಧಿಕಾರವನ್ನೇ ತೆಗೆದುಹಾಕುವುದಾಗಿಯೂ 1979ರ ಭಯೋತ್ಪಾದನೆ ತಡೆ ಕಾಯ್ದೆಯನ್ನು ರದ್ದುಪಡಿಸುವುದಾಗಿಯೂ ಮಾತು ಕೊಟ್ಟವರು. ಆ ಮಾತನ್ನು ನಂಬಿಯೇ ಇರಬೇಕು, ಜಾಫ್ನಾದ ತಮಿಳರಲ್ಲಿಯೂ ಬಹಳಷ್ಟು ಮಂದಿ ಈ ಬಾರಿ ಅವರ ಕೈಹಿಡಿದರು. ಎಲ್‌ಟಿಟಿಇ ವಿರುದ್ಧದ ಯುದ್ಧ 2009ರಲ್ಲೇ ಮುಗಿದರೂ, ಕಾಣೆಯಾದ ಮಕ್ಕಳ ಫೋಟೊವನ್ನು ಎದೆಗವಚಿಕೊಂಡು ಅಲ್ಲಿ ರಸ್ತೆಬದಿಯಲ್ಲಿ ಧರಣಿ ಕೂತ ತಾಯಂದಿರಲ್ಲಿ ಎಷ್ಟೋ ಜನ ಉತ್ತರ ಕಾಣದೆಯೇ ತೀರಿಕೊಂಡಿದ್ದಾರೆ.

– ಓದುಗರೊಬ್ಬರು, ಮೈಸೂರು