ಅಜ್ಜ, ನಿಮ್ಮ ಸಣ್ಣ ರೈಟರು ಮತ್ತೆ ನಡೆದಿದ್ದಾನೆ

ಕಳೆದ ಭಾನುವಾರ ಮನೆಯಿಂದ ದೇವರಕಾಡಿನ, ಅಂದರೆ ದೇವರಿಗೆಂದು ಕಡಿಯದೆ ಬಿಟ್ಟ ಕಾಡಿನ ತನಕ ಊರುಗೋಲಿಲ್ಲದೆ ನಡೆದೆ. ದೂರ ಹೆಚ್ಚೇನಿಲ್ಲ. ಕಾಫಿ ಕಣ ದಾಟಿ, ಕೆರೆಯ ಏರಿ ದಾಟಿ, ಗದ್ದೆ ಬದುವಿನ ಮೇಲೆ ಸ್ವಲ್ಪ ಹೋದರೆ ಬಂದೇಬಿಟ್ಟಿತು. ಅಷ್ಟು ನಡೆಯಲು ನನಗೆ 14 ತಿಂಗಳು ಹಿಡಿಯಿತು. ಅದಕ್ಕಾಗಿಯೇ ಈ ಬರಹ.

ಕಳೆದ ವರ್ಷ ಫೆಬ್ರವರಿಯಲ್ಲಿ ರೋಬಸ್ಟಾ ಕೊಯ್ಲು ಮುಗಿದಿತ್ತು, ಕಾಫಿ ಮೊಗ್ಗು ಅರಳಿಸುವ ಹೂಮಳೆಯ ಲಕ್ಷಣ ಕಾಣುತ್ತಿರಲಿಲ್ಲ. ಮೊಗ್ಗು ಒಣಗುವ ಮೊದಲು ಸ್ಪ್ರಿಂಕ್ಲರ್ ಹಾಕೋಣವೆಂದು ಬೆಳಿಗ್ಗೆ ಆರಕ್ಕೆ ಪಂಪ್ ಚಾಲೂ ಮಾಡಲು ಹೊರಟೆ. ಮಂಜಿನಲ್ಲಿ ನನಗೆ ಆನೆ ಕಾಣಲಿಲ್ಲ. ಅದಕ್ಕೂ ನಾನು ಕಂಡಿರಲಿಕ್ಕಿಲ್ಲ. ಸೊಂಟದ ಮೂಳೆ, ಮೂರು ಪಕ್ಕೆಲುಬು, ಬಲಗಾಲು. ಅಷ್ಟು ಹೇಳಿದರೆ ಸಾಕು.

ಮೊದಲು ಬದುಕಿರುವವರ ಋಣ. ನನ್ನ ಕೂಗು ಕೇಳಿ ತೋಟದ ಕೆಲಸಗಾರರ ಲೈನ್ ಮನೆಯಿಂದ ಓಡಿ ಬಂದವನು ಅಸ್ಸಾಮಿನ ಹುಡುಗ. ಕೊಡಗಿಗೆ ಬಂದು ಆಗ ಮೂರು ತಿಂಗಳಾಗಿತ್ತು, ಅವನಿಗೆ ಗೊತ್ತಿದ್ದ ಕನ್ನಡ ಹತ್ತು ಹನ್ನೆರಡು ಪದ. ಆನೆ ಇನ್ನೂ ಅಲ್ಲೇ ಇತ್ತೋ ಇಲ್ಲವೋ ತಿಳಿಯದ ಹೊತ್ತಿನಲ್ಲಿ ಖಾಲಿ ಡಬ್ಬ ಬಡಿಯುತ್ತಾ ನನ್ನ ತನಕ ಬಂದ. ಕಾಫಿ ಒಣಗಿಸುವ ಟಾರ್ಪಾಲಿನ ಮೇಲೆ ನನ್ನನ್ನು ಮಲಗಿಸಿ ನಾಲ್ಕು ಮೂಲೆ ಹಿಡಿದು ಹೊತ್ತವರಲ್ಲಿ ಅವನೂ ಒಬ್ಬ. ಜೀಪು ತಂದವರು, ಗೋಣಿಕೊಪ್ಪದಿಂದ ಮೈಸೂರಿನವರೆಗೆ ಆಂಬುಲೆನ್ಸ್ ಓಡಿಸಿದ ಚಾಲಕ, ರಕ್ತ ಕೊಡಲು ಕೆಲಸ ಬಿಟ್ಟು ಬಂದ ಹುಡುಗರು, ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು, ನನ್ನನ್ನು ಮಗುವಿನಂತೆ ಒರೆಸಿ ತಿರುಗಿಸಿ ಮಲಗಿಸಿದ ದಾದಿಯರು, ಎಲ್ಲರಿಗೂ ಕೈಮುಗಿಯುತ್ತೇನೆ. ಪಕ್ಕದ ತೋಟದವರು ನಮ್ಮ ಕರಿಮೆಣಸನ್ನು ತಾವೇ ನಿಂತು ಕೊಯ್ಯಿಸಿ, ಒಣಗಿಸಿ, ಮಾರಿ, ಲೆಕ್ಕದ ಚೀಟಿಯ ಸಮೇತ ಹಣವನ್ನು ಹೆಂಡತಿಯ ಕೈಗೆ ಕೊಟ್ಟು ಹೋದರು. ಆ ಚೀಟಿಯನ್ನು ಜೋಪಾನವಾಗಿ ಇಟ್ಟಿದ್ದೇನೆ. ಹೆಂಡತಿಗೆ ಹೇಳಬೇಕಾದ ಮಾತು ಮಾತ್ರ ಇನ್ನೂ ಸಿಕ್ಕಿಲ್ಲ.

ಇನ್ನೊಬ್ಬರಿದ್ದಾರೆ. ಅವರು ತೀರಿಕೊಂಡು 40 ವರ್ಷ ದಾಟಿತು. ಹಾಸಿಗೆಯಲ್ಲಿದ್ದ ಅಷ್ಟೂ ತಿಂಗಳು ನನ್ನ ಪಕ್ಕದಲ್ಲಿ ಕುಳಿತಿದ್ದವರು ಅವರೇ ಎಂದರೆ ಕೆಲವರಿಗೆ ವಿಚಿತ್ರ ಅನಿಸಬಹುದು. ನನಗೆ ಹಾಗೆ ಹೇಳದೆ ಬೇರೆ ದಾರಿಯಿಲ್ಲ.

ನನ್ನ ಅಪ್ಪ ದಕ್ಷಿಣ ಕೊಡಗಿನ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಚೆಕ್‌ರೋಲ್, ಅಂದರೆ ಹಾಜರಿ ಪುಸ್ತಕ ಬರೆಯುವುದು, ಶನಿವಾರ ಬಟವಾಡೆ ಮಾಡುವುದು, ಮೇಸ್ತ್ರಿಗಳಿಗೆ ಮರುದಿನದ ಕೆಲಸ ಹಂಚುವುದು ಅವರ ಕೆಲಸ. ನಮ್ಮ ಮನೆಯಿಂದ ಕೂಗಳತೆಯಲ್ಲಿ ಲೈನ್ ಮನೆಗಳಿದ್ದವು. ಕೊನೆಯ ಮನೆಯಲ್ಲಿದ್ದವರು ಎರವ ಎಂಬ ಆದಿವಾಸಿ ಸಮುದಾಯದ ಒಬ್ಬ ಮುದುಕರು. ಬಾಲ್ಯ, ಯೌವನ ಎರಡನ್ನೂ ಯಾರದೋ ಗದ್ದೆಯಲ್ಲಿ ಜೀತಕ್ಕೆ ಕಳೆದು ತೋಟಕ್ಕೆ ಬಂದವರು. ಜೀತ ಪದ್ಧತಿಯನ್ನು ರದ್ದು ಮಾಡಿದ ಕಾಯ್ದೆ ಬಂದದ್ದು 1976ರಲ್ಲಿ, ಆಗ ನನಗೆ ಎಂಟು ವರ್ಷ. ಅಪ್ಪ ಅದನ್ನು ಪತ್ರಿಕೆಯಲ್ಲಿ ಓದಿ ಅವರಿಗೆ ಹೇಳಿದಾಗ ನಾನು ಜಗಲಿಯಲ್ಲೇ ಇದ್ದೆ. ಅವರು ಏನೂ ಹೇಳಲಿಲ್ಲ. ತಲೆಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ, ಕೊಡವಿ, ಮತ್ತೆ ಸುತ್ತಿಕೊಂಡು ಕೆಲಸಕ್ಕೆ ಹೋದರು.

ಆ ತೋಟದಲ್ಲಿ ಅವರನ್ನು ಎಲ್ಲರೂ ಏಕವಚನದಲ್ಲಿ ಕರೆಯುತ್ತಿದ್ದರು. ಅವರ ಮೊಮ್ಮಕ್ಕಳ ವಯಸ್ಸಿನ ಹುಡುಗರೂ ಹಾಗೆಯೇ ಕೂಗುತ್ತಿದ್ದರು. ಅಮ್ಮ ಮಾತ್ರ ನನಗೆ ಕಟ್ಟುನಿಟ್ಟಾಗಿ ‘ಅಜ್ಜ ಅನ್ನು’ ಎಂದಿದ್ದರು. ಅಜ್ಜ ನನ್ನನ್ನು ‘ಸಣ್ಣ ರೈಟರು’ ಎಂದು ಕರೆಯುತ್ತಿದ್ದರು. ರಜೆಯಲ್ಲಿ ನಾನು ಬೆಳಗಿನಿಂದ ಸಂಜೆಯ ತನಕ ಅವರ ಹಿಂದೆಯೇ. ಕಪಾತಿನ, ಅಂದರೆ ಕಾಫಿ ಗಿಡ ಸವರುವ ಕಾಲದಲ್ಲಿ ಅವರು ಕಡಿದ ರೆಕ್ಕೆಗಳನ್ನು ಎಳೆದು ಹಾಕುತ್ತಿದ್ದೆ. ಮಳೆಗಾಲದಲ್ಲಿ ಕೆಸುವಿನೆಲೆ, ಕಳಲೆ, ಅಣಬೆ ಹುಡುಕುತ್ತಿದ್ದೆವು. ಯಾವ ಅಣಬೆ ತಿನ್ನಬಹುದೆಂದು ಅವರು ಮೂಸಿ ಹೇಳುತ್ತಿದ್ದರು.

ಕೊಯ್ಲಿನಲ್ಲಿ ಅವರದೊಂದು ಅಭ್ಯಾಸ. ಪ್ರತಿ ಗಿಡದ ನೆತ್ತಿಯಲ್ಲಿ ನಾಲ್ಕೈದು ಹಣ್ಣು ಬಿಟ್ಟೇ ಮುಂದಿನ ಗಿಡಕ್ಕೆ ಹೋಗುತ್ತಿದ್ದರು. ಮೇಸ್ತ್ರಿ ಬೈಯುತ್ತಿದ್ದ, ಅಪ್ಪನೂ ಎರಡು ಸಲ ಗದರಿದ್ದರು. ಹೂಂಗುಟ್ಟಿ ಮತ್ತೆ ಬಿಡುತ್ತಿದ್ದರು. ಯಾರಿಗೆ ಅಜ್ಜ ಎಂದು ಕೇಳಿದರೆ, ‘ಬರುವವರಿಗೆ’ ಎನ್ನುತ್ತಿದ್ದರು. ಕಾಯಿಕೊರಕ ಹುಳುವಿನ ಕಾಟ ಬಂದ ಮೇಲೆ ಗಿಡದಲ್ಲಿ ಒಂದು ಹಣ್ಣನ್ನೂ ಬಿಡಬಾರದೆಂದು ನಾವೆಲ್ಲ ಕಲಿತಿದ್ದೇವೆ, ನಾನೂ ಬಿಡುವುದಿಲ್ಲ. ಆದರೆ ಆನೆ ಬರುತ್ತದೆಂದು ಹಲಸಿನ ಮರ ಕಡಿಸಲು ನೆರೆಯವರು ಎಷ್ಟು ಹೇಳಿದರೂ ಕಡಿಸಿಲ್ಲ. ಅವರ ಭಯ ಸುಳ್ಳಲ್ಲ, ನನ್ನ ಮೈಯೇ ಅದಕ್ಕೆ ಸಾಕ್ಷಿ. ಆದರೂ ಕೊಡಲಿ ತರಿಸಲು ನನಗೆ ಮನಸ್ಸು ಬಂದಿಲ್ಲ.

ಒಂದು ಸಂಜೆ ನಾವಿಬ್ಬರೂ ಸೌದೆ ಹೊತ್ತು ಬರುತ್ತಿದ್ದಾಗ ತೋಟದ ದಾರಿಗೆ ಅಡ್ಡವಾಗಿ ಒಂಟಿ ಆನೆ ನಿಂತಿತ್ತು. ಅಜ್ಜ ಸೌದೆಯನ್ನು ಸದ್ದಿಲ್ಲದೆ ಇಳಿಸಿ ನನ್ನನ್ನು ಬೆನ್ನ ಹಿಂದೆ ಸರಿಸಿದರು. ತಲೆಯ ಬಟ್ಟೆ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡು, ಕೈಜೋಡಿಸಿ, ತಮ್ಮ ಭಾಷೆಯಲ್ಲಿ ಮೆಲ್ಲಗೆ ಏನೋ ಹೇಳಿದರು. ಅವರ ಬೆನ್ನಿಗೆ ಕೆನ್ನೆ ಒತ್ತಿ ನಿಂತಿದ್ದ ನನಗೆ ಆ ಮಾತು ಅವರ ಎದೆಯೊಳಗೆ ಗುಂಯ್ ಎಂದು ಓಡಾಡಿದ್ದು ಕೇಳಿಸಿತು. ಆನೆ ಸೊಂಡಿಲೆತ್ತಿ ಮೂಸಿತು. ಬಹಳ ಹೊತ್ತಿನ ಮೇಲೆ ಕೊಲ್ಲಿಗೆ ಇಳಿಯಿತು. ಏನು ಹೇಳಿದಿರಿ ಎಂದು ಕೇಳಿದೆ. ‘ತಪ್ಪಾಯಿತು, ನಿಮ್ಮ ದಾರಿಗೆ ಬಂದೆವು ಎಂದೆ.’ ಇದು ನಮ್ಮ ತೋಟದ ದಾರಿಯಲ್ಲವೇ ಎಂದೆ. ಅಜ್ಜ ನನ್ನ ಮುಖ ನೋಡಿ ಸೌದೆ ಹೊರೆ ಎತ್ತಿಕೊಂಡರು.

ಇಷ್ಟು ಸಾಧುವಾದ ಮನುಷ್ಯ ವರ್ಷದಲ್ಲಿ ಒಂದು ವಾರ ಬೇರೆಯೇ ಆಗಿಬಿಡುತ್ತಿದ್ದರು. ಮೇ ತಿಂಗಳಿನಲ್ಲಿ ದೇವರಪುರದಲ್ಲಿ ನಡೆಯುವ ಕುಂಡೆ ಹಬ್ಬ ಗೊತ್ತಿರುವವರಿಗೆ ಗೊತ್ತು. ಅಯ್ಯಪ್ಪ ತಮ್ಮವರನ್ನೆಲ್ಲ ಬೇಟೆಗೆ ಕರೆದುಕೊಂಡು ಹೋಗಿ, ನಡುಕಾಡಿನಲ್ಲಿ ಭದ್ರಕಾಳಿಯನ್ನು ಕಂಡು ಅವಳ ಹಿಂದೆ ಹೊರಟುಹೋದ, ನಂಬಿ ಬಂದವರನ್ನು ಕಾಡಿನಲ್ಲೇ ಬಿಟ್ಟ ಎಂಬುದು ಎರವರ, ಜೇನುಕುರುಬರ ಕಥೆ. ಆ ಸಿಟ್ಟಿಗೆ ವರ್ಷಕ್ಕೊಮ್ಮೆ ದೇವರನ್ನು ಬಾಯಿಗೆ ಬಂದಂತೆ ಬೈಯುತ್ತಾರೆ. ಗಂಡಸರು ಸೀರೆಯುಟ್ಟು, ಮೈಗೆ ಬಣ್ಣ ಬಳಿದುಕೊಂಡು, ಡಬ್ಬ ಬಡಿಯುತ್ತಾ, ದಾರಿಯಲ್ಲಿ ಸಿಕ್ಕವರಿಂದ ಕಾಸು ಕೇಳುತ್ತಾ ದೇವಸ್ಥಾನಕ್ಕೆ ಹೋಗುತ್ತಾರೆ. ಕೊನೆಗೆ ಅಲ್ಲೇ ಅಡ್ಡಬಿದ್ದು ತಪ್ಪೊಪ್ಪಿಕೊಂಡು ಮರಳುತ್ತಾರೆ.

ಅಜ್ಜ ಸೀರೆಯುಟ್ಟು ದೇವರಿಗೆ ಬೈಯುತ್ತಾ ಹೊರಟದ್ದನ್ನು ಮೊದಲ ಸಲ ನೋಡಿದಾಗ ನಾನು ಹೆದರಿ ಅತ್ತೆ. ನಮ್ಮ ಮನೆಯಲ್ಲಿ ದೇವರ ಕೋಣೆಯ ಮುಂದೆ ಜೋರಾಗಿ ಮಾತನಾಡುವಂತಿರಲಿಲ್ಲ. ಹಬ್ಬ ಮುಗಿಸಿ ಬಂದವರನ್ನು ಕೇಳಿದೆ, ದೇವರಿಗೆ ಬೈದರೆ ಕಣ್ಣು ಹೋಗುವುದಿಲ್ಲವೇ ಎಂದು. ಅವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಾಫಿಯ ಕರೆ ಹತ್ತಿ ಕಪ್ಪಾಗಿದ್ದ ಅಂಗೈಯನ್ನು ನನ್ನ ತಲೆಯ ಮೇಲಿಟ್ಟರು. ‘ಗುರುತಿಲ್ಲದವರಿಗೆ ಯಾರು ಬೈಯುತ್ತಾರೆ ಸಣ್ಣ ರೈಟರೇ? ಅವನು ನಮ್ಮವನು. ಬಿಟ್ಟುಹೋದದ್ದಕ್ಕೆ ಬೈದೆ. ಮತ್ತೆ ಅವನನ್ನೇ ನೋಡಲು ಹೋದೆನಲ್ಲ’ ಎಂದರು.

ಎಂಟು ವರ್ಷದವನಿಗೆ ಅದರಲ್ಲಿ ಅರ್ಥವಾದದ್ದು ಕಡಿಮೆ. ಆಂಬುಲೆನ್ಸ್ ದೇವರಪುರದ ಹತ್ತಿರ ಬಂದಿದೆ ಎಂದು ಯಾರೋ ಫೋನಿನಲ್ಲಿ ಹೇಳುತ್ತಿದ್ದಾಗ ಆ ಮಾತು ಕಿವಿಯಲ್ಲಿ ಕೇಳಿದಂತಾಯಿತು. ತಿತಿಮತಿ ದಾಟಿ ಆನೆಚೌಕೂರಿನ ಕಾಡಿನ ನಡುವೆ ಹೋಗುವಾಗ ಎಚ್ಚರ ತಪ್ಪಿತು.

ಆಮೇಲಿನ ತಿಂಗಳುಗಳಲ್ಲಿ ನೋಡಲು ಬಂದವರು ಒಳ್ಳೆಯ ಮನಸ್ಸಿನಿಂದಲೇ ನಾನಾ ಮಾತು ಹೇಳಿದರು. ಕೆಲವರು ಪೂರ್ವಜನ್ಮದ ಕರ್ಮ ಎಂದರು. ಕೆಲವರು ದೇವರು ಪರೀಕ್ಷಿಸುತ್ತಿದ್ದಾನೆ ಎಂದರು. ಆನೆಗಳನ್ನು ಒಂದೂ ಉಳಿಸದೆ ಸಾಗಿಸಬೇಕು ಎಂದವರು ಬಹಳ. ಯಾವುದೂ ನನಗೆ ಹಿಡಿಸಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ನೋವು ಏರುತ್ತಿತ್ತು. ಆಗ ನಾನು ದೇವರಿಗೆ ಬೈಯಲು ಶುರುಮಾಡಿದೆ. ಬಾಯಿಬಿಟ್ಟೇ ಬೈದೆ. ಹೆಂಡತಿ ಮೊದಲ ರಾತ್ರಿ ಗಾಬರಿಯಾಗಿ ದೀಪ ಹಾಕಿದಳು. ಅವಳಿಗೆ ಅಜ್ಜನ ಕಥೆ ಹೇಳಿದೆ. ಕೇಳಿ ಸುಮ್ಮನಾದಳು. ಎರಡು ದಿನ ಬಿಟ್ಟು ಅವಳೂ ಒಂದಿಷ್ಟು ಬೈದಳು, ಅವಳಿಗೂ ಬೈಯಲು ಬೇಕಾದಷ್ಟಿತ್ತು.

ಹೀಗೆ ಎಷ್ಟು ರಾತ್ರಿ ಕಳೆದವೋ ಲೆಕ್ಕವಿಲ್ಲ. ಕಕ್ಕಡದ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳಿನ ಮಳೆ ಹಿಡಿದ ಒಂದು ರಾತ್ರಿ ಬೈಯಲು ಬಾಯಿ ತೆರೆದರೆ ಮಾತೇ ಬರಲಿಲ್ಲ. ಹೆಂಚಿನ ಮೇಲೆ ಬೀಳುವ ಮಳೆಯನ್ನು ಕೇಳುತ್ತಾ ಮಲಗಿದ್ದೆ. ಕೋಣೆಯಲ್ಲಿ ನಾನೊಬ್ಬನೇ ಇಲ್ಲ ಎಂದು ಅನಿಸಿತು. ಇದಕ್ಕಿಂತ ಹೆಚ್ಚು ಹೇಳಲು ನನಗೆ ಬರುವುದಿಲ್ಲ. ಬೆಳಿಗ್ಗೆ ಫಿಸಿಯೋಥೆರಪಿಯವರು ಬಂದಾಗ ಮೊದಲ ಸಲ ಕಾಲೂರಿದೆ.

ಅಜ್ಜ ತೀರಿಕೊಂಡದ್ದೂ ಕಕ್ಕಡದಲ್ಲೇ, ಜ್ವರ ಬಂದು. ನಾನಾಗ ಮಡಿಕೇರಿಯಲ್ಲಿ ಹಾಸ್ಟೆಲಿನಲ್ಲಿದ್ದೆ. ರಜೆಗೆ ಬಂದಾಗ ಕೊನೆಯ ಲೈನ್ ಮನೆಯಲ್ಲಿ ಬೇರೆ ಸಂಸಾರವಿತ್ತು. ಅವರ ಒಂದು ಫೋಟೋ ಕೂಡ ಇಲ್ಲ. ಆದರೆ ಅಪ್ಪನ ಟ್ರಂಕಿನಲ್ಲಿ 1977ರ ಬಟವಾಡೆ ಪುಸ್ತಕವೊಂದು ಉಳಿದುಕೊಂಡಿದೆ. ಅದರಲ್ಲಿ ಪ್ರತಿ ಶನಿವಾರದ ಎದುರು ಅವರ ಹೆಬ್ಬೆಟ್ಟಿದೆ. ನೇರಳೆ ಶಾಯಿ ಮಾಸಿದೆ, ಗೆರೆಗಳು ಮಾಸಿಲ್ಲ. ಕತ್ತಿಯ ಗಾಯವಾಗಿ ಹೆಬ್ಬೆರಳಿನ ನಡುವೆ ಒಂದು ಅಡ್ಡಗೆರೆಯಿತ್ತು, ಪ್ರತಿ ಗುರುತಿನಲ್ಲೂ ಆ ಜಾಗ ಬಿಳಿಯಾಗಿ ಬಿದ್ದಿದೆ. ಶನಿವಾರ ರಾತ್ರಿ ಅದನ್ನು ತೆರೆದಿಟ್ಟು, ಬಿಳಿ ಗೆರೆಯ ಮೇಲೆ ನನ್ನ ಬೆರಳಿಟ್ಟು ಕುಳಿತಿದ್ದೆ.

ಕೊಡಗಿನಲ್ಲಿ 1200ಕ್ಕೂ ಹೆಚ್ಚು ದೇವರಕಾಡುಗಳಿವೆ. ನಮ್ಮದು ಬಹಳ ಸಣ್ಣದು, ಅಯ್ಯಪ್ಪನದು. ಗುಡಿಯಿಲ್ಲ. ಮರದ ಬುಡದಲ್ಲಿ ಒಂದು ಕಲ್ಲು, ಅದರ ಸುತ್ತ ಹರಕೆಗೆ ಒಪ್ಪಿಸಿದ ಮಣ್ಣಿನ ನಾಯಿಗಳು. ಕೆಲವು ಪಾಚಿ ಹಿಡಿದು, ಕಿವಿ ಮುರಿದು, ಅರ್ಧ ನೆಲದೊಳಗಿವೆ. ಅಲ್ಲಿಗೆ ಮೊದಲು ಕರೆದುಕೊಂಡು ಹೋದವರು ಅಜ್ಜನೇ. ಚಪ್ಪಲಿ ಬಿಡಬೇಕು, ಒಣ ಕಡ್ಡಿಯನ್ನೂ ಮನೆಗೆ ತರಬಾರದು ಎಂದು ಕಲಿಸಿದವರೂ ಅವರೇ.

ಭಾನುವಾರ ಅಂಚಿನಲ್ಲಿ ಚಪ್ಪಲಿ ಬಿಟ್ಟೆ. ಅಸ್ಸಾಮಿನ ಹುಡುಗ ಜೊತೆಗಿದ್ದ, ಬೀಳಬಹುದೆಂದು ಕೈಯನ್ನು ನನ್ನ ಬೆನ್ನ ಹಿಂದೆ ಹಿಡಿದುಕೊಂಡೇ ಬರುತ್ತಿದ್ದ. ಅವನೂ ನನ್ನನ್ನು ನೋಡಿ ಚಪ್ಪಲಿ ಬಿಟ್ಟ. ತಣ್ಣನೆಯ ಎಲೆಗೊಬ್ಬರ ಕಾಲಿಗೆ ತಾಗಿತು. ತಂದಿದ್ದ ಮಣ್ಣಿನ ನಾಯಿಯನ್ನು ಕಲ್ಲಿನ ಮುಂದೆ ಇಟ್ಟೆ. ಮೊದಲು ಬೈಯಬೇಕಾದಷ್ಟು ಬೈದೆ ಅಜ್ಜ. ಆಮೇಲೆ ಕೈಮುಗಿದೆ.