ಸೋಮವಾರದಿಂದ ಪೆಟ್ರೋಲ್ ಬಂದ್, ಡೀಸೆಲ್ ಮುಂಜಾನೆ ಅಷ್ಟ: ಸೊಸೈಟಿ ಬಂಕ್‌ನಿಂದ ಒಂದು ಪತ್ರ

ಹಿರಿಯಾರಿಗೆ, ಅಣ್ಣಾರಿಗೆ, ಅಕ್ಕಾರಿಗೆ, ಸಂಘದ ಎಲ್ಲಾ ಮೆಂಬರ್‌ಗಳಿಗೆ ನಮಸ್ಕಾರ್ರಿ.

ಮೊದ್ಲ ವಿಷಯ ಹೇಳಿಬಿಡ್ತೇನಿ, ಆಮ್ಯಾಲೆ ಬೈಯೂದಿದ್ರ ಬೈರಿ. ಬರೂ ಸೋಮವಾರದಿಂದ ಕಮ್ಮೀತ ಕಮ್ಮಿ ಮೂರು ವಾರ ನಮ್ಮ ಬಂಕ್‌ನಾಗ ಪೆಟ್ರೋಲ್ ಸಿಗೂದಿಲ್ಲ. ಪೆಟ್ರೋಲ್ ಟ್ಯಾಂಕ್ ಅಗದು ತೆಗದು, ಎರಡು ಪದರಿನ ಹೊಸಾ ಟ್ಯಾಂಕ್ ಕೂಡಸಾಕತ್ತೇವಿ. ಡೀಸೆಲ್ ಮುಂಜಾನೆ 6ರಿಂದ 9ರತನಕ ಸಿಗತೈತಿ, ಕೆಲಸದಾರು ಬರೂದ್ರೊಳಗ ತುಂಬಿಸ್ಕೊಂಡು ಹೋಗ್ರಿ. ಹಳೇ ಟ್ಯಾಂಕ್ ಖಾಲಿ ಮಾಡಿ ಎತ್ತೂ ಎರಡು ಮೂರು ದಿನ ಪೂರ್ತಿ ಬಂದ್, ಅದನ್ನ ಹಿಂದಿನ ದಿನ ಬೋರ್ಡ್ ಮ್ಯಾಲೆ ಬರೀತೇವಿ.

ಹಿಂಗಾರಿ ಬಿತ್ತನಿ ಮುಗೀಲಿ ಅಂತ ಕಾದೇವ್ರಿ. ಕಡ್ಲಿ ರಾಶಿ ಚಾಲೂ ಆಗೂದ್ರೊಳಗ ಮುಗಸ್ಬೇಕು ಅಂತ ಎಣ್ಣಿ ಕಂಪನಿಯವರ ಬೆನ್ನು ಹತ್ತೇವಿ. ಆದ್ರೂ ತ್ರಾಸ ಆಗೂದು ಆಗತೈತಿ, ಅದಕ್ಕ ಕ್ಷಮಾ ಇರಲಿ.

ಯಾಕ ಈಗ ಅಂದ್ರ, ಹೋದ ಮಳಿಗಾಲದಾಗ ನಾಕು ಗಾಡಿ ನಮ್ಮ ಬಂಕ್ ದಾಟಿ ಒಂದು ಕಿಲೋಮೀಟರ್‌ನಾಗ ನಿಂತುವಲ್ಲ, ಅದು ನಿಮಗೂ ಗೊತ್ತೈತಿ, ಊರಾಗ ಏನೇನು ಮಾತಾತು ಅದೂ ನಮಗ ಗೊತ್ತೈತಿ. ಪೆಟ್ರೋಲ್‌ನಾಗ ನೀರು ಕಲಸ್ತಾರ ಅಂದ್ರು. ನೀರು ನಾವು ಕಲಸಲಿಲ್ರಿ, ನೀರು ತಾನ ಬಂತು. ಎರಿ ಮಣ್ಣಿನ ಗುಣ ನಿಮಗ ನಾ ಹೇಳಬೇಕಾ, ಬ್ಯಾಸಗಿಗೆ ಕೈ ಹೋಗುವಂಗ ಬಿರುಕು ಬಿಡತೈತಿ, ಮಳಿಗೆ ಉಬ್ಬತೈತಿ, ನಿಮ್ಮ ಮನಿ ಗ್ವಾಡಿ ಸೀಳೂದೂ ಅದಕ್ಕ, ನೆಲದಾಗಿನ ಪೈಪಿನ ಜಾಯಿಂಟ್ ಜರಗೂದೂ ಅದಕ್ಕ. 2019ರ ಆಗಸ್ಟ್‌ನಾಗ ಆ ಮಳಿ ಹಿಡೀತಲ್ಲ, ಆವಾಗಿಂದ ಟ್ಯಾಂಕಿನ ಕುಣಿಯಾಗ ನೀರು ನಿಂದರಾಕತ್ತೈತಿ. ಮೊದ್ಲ ಏನಾಗ್ತಿತ್ತು ಅಂದ್ರ, ಟ್ಯಾಂಕಿನಾಗ ಚೂರು ನೀರು ಬಂದ್ರೂ ಅದು ತಳಾ ಹಿಡದು ಕುಂದರ್ತಿತ್ತು, ಟ್ಯಾಂಕ್ ಅಳಿಯೂ ಡಿಪ್ ರಾಡಿಗೆ ನೀರು ತೋರಸೂ ಪೇಸ್ಟ್ ಹಚ್ಚಿ ಇಳಿಸಿದ್ರ ಬಣ್ಣ ಬದಲಾಗಿ ತಿಳೀತಿತ್ತು, ಪಂಪಿನ ಪೈಪ್ ತಳಕ್ಕಿಂತ ಮ್ಯಾಲ ಇರೂದ್ರಿಂದ ನಿಮ್ಮ ಗಾಡಿಗೆ ಬರ್ತಿರಲಿಲ್ಲ. ಈಗ ಪೆಟ್ರೋಲ್‌ನಾಗ 20 ಪರ್ಸೆಂಟ್ ಎಥನಾಲ್ ಇರತೈತಿ. ಎಥನಾಲ್‌ಗೂ ನೀರಿಗೂ ಭಾಳ ದೋಸ್ತಿ, ನೀರು ಜಾಸ್ತಿ ಆತಂದ್ರ ಎಥನಾಲ್ ಪೆಟ್ರೋಲ್ ಬಿಟ್ಟು ನೀರಿನ ಸಂಗಾಟ ಕೆಳಗ ಇಳೀತೈತಿ, ತಳದಾಗಿನ ಆ ಪದರು ದಪ್ಪ ಆಗಿ ಪೈಪಿಗೆ ಸಿಗತೈತಿ. ಹಳೇ ಟ್ಯಾಂಕ್ ಹಳೇ ಪೆಟ್ರೋಲಿಗೆ ನಡೀತಿತ್ತು, ಈಗ ನಡಿಯೂದಿಲ್ಲ, ಇಷ್ಟ ಕಥಿ.

ಆ ಗಾಡಿ ನಿಂತ ದಿನ ರಾತ್ರಿನ ನಾಝಲ್ ಬಂದ್ ಮಾಡಿದಾರು ನಾವ, ಯಾರೂ ಬಂದು ಮಾಡ್ಸಿಲ್ಲ. ನಾಕೂ ಗಾಡಿ ಗ್ಯಾರೇಜಿಗೆ ಒಯ್ದು ಟಾಕಿ ತೊಳಿಸಿ ಕೊಟ್ಟೇವಿ. ಅದನ್ನ ಮಾತ್ರ ಊರಾಗ ಯಾರೂ ಹೇಳಲಿಲ್ಲ.

ಈಗ ಖರ್ಚಿನ ಮಾತು. ಟ್ಯಾಂಕ್ ಕಂಪನಿದು ಐತಲ್ಲ, ನಿಮಗೇನು ಲುಕ್ಸಾನು ಅಂತ ಕೇಳ್ತಾರ. ಟ್ಯಾಂಕ್ ಕಂಪನಿದು ಖರೆ. ಮೂರು ವಾರದ ಧಂದೆ ಯಾರದು? ಆರು ಹುಡುಗರ ಪಗಾರ ಯಾರು ಕೊಡಬೇಕು? ಅವರನ್ನ ಬಿಡಸಂಗಿಲ್ಲ ಅಂತ ಮೀಟಿಂಗಿನ್ಯಾಗ ಒಂದ ಮಾತಿಗೆ ಆಗೇತಿ, ಪೂರ್ತಿ ಪಗಾರ ಕೊಡ್ತೇವಿ. ಅಗದ ಮ್ಯಾಲೆ ಎಣ್ಣಿ ವಾಸನಿ ಹೊಡಿಯೂ ಮಣ್ಣು ಯಾರದೋ ಹೊಲದ ಬದುವಿಗೆ ಚೆಲ್ಲಾಕ ಬರೂದಿಲ್ಲ, ಅದನ್ನ ಬ್ಯಾರೆ ಕಡೆ ಸಾಗಸ್ಬೇಕು, ಅಂಗಳದ ಕಾಂಕ್ರೀಟ್ ಮತ್ತ ಹೊಸಾದಾಗಿ ಹಾಕ್ಬೇಕು, ಅದೆಲ್ಲ ಸಂಘದ ತಿಜೋರಿಯಿಂದ. ಡೀಲರ್ ಕಮಿಷನ್ 2017ರಿಂದ 2024ರ ಅಕ್ಟೋಬರ್‌ತನಕ ಏರಿರಲಿಲ್ಲ, ಏರಿದಾಗೂ ಪೈಸಾ ಲೆಕ್ಕದಾಗ ಏರೇತಿ. ಇನ್ನ ಡೀಸೆಲ್ ರೇಟ್ ಏರಿದಾಗೆಲ್ಲ ನಮ್ಮ ಹುಡುಗರಿಗೆ ಬೈತೀರಲ್ಲ, 2025ರ ಏಪ್ರಿಲ್ ಒಂದಕ್ಕ ಡೀಸೆಲ್ ಎರಡು ರೂಪಾಯಿ ಏರಿದ್ದು ರಾಜ್ಯದ ಟ್ಯಾಕ್ಸ್ 21.17 ಪರ್ಸೆಂಟಿಗೆ ಹೋಗಿದ್ದಕ್ಕ, ಅದರಾಗ ಒಂದು ಪೈಸಾ ನಮ್ಮ ಗಲ್ಲಾಕ್ಕ ಬಂದಿಲ್ಲ. ಹೊಸಾ ಟ್ಯಾಂಕ್ ಹಾಕಿದ್ದಕ್ಕೂ ರೇಟ್ ಏರೂದಿಲ್ಲ, ರೇಟ್ ಹಚ್ಚೂದು ನಾವಲ್ಲ.

ಈಗ ಎಲ್ಲಕ್ಕಿಂತ ಜಾಸ್ತಿ ಕೇಳಿದ ಮಾತಿಗೆ ಬರ್ತೇನಿ. ಚಾದಂಗಡಿಯಾಗ, ಮದುವಿ ಪಂಗತಿಯಾಗ, ಮೊನ್ನೆ ಒಂದು ಮಣ್ಣಿಗೆ ಹೋದಾಗ ಅಲ್ಲೂ ಕೇಳಿದ್ರು. ನೀವ ಪಂಚಾಯ್ತಿಗೆ ಹೋಗಿ ಟ್ಯಾಂಕಿನ ಕಾನೂನು ಬಿಗಿ ಮಾಡ್ರಿ ಅಂತ ಠರಾವ್ ಪಾಸ್ ಮಾಡ್ಸೀರಿ, ನಾಳೆ ನಮ್ಮ ಮನಿ ಡೀಸೆಲ್ ಬ್ಯಾರಲ್ಲಿಗೂ ಲೈಸೆನ್ಸ್ ಕೇಳ್ತಾರ, ರೈತರ ಸಂಘ ಆಗಿ ರೈತರ ಕೊಳ್ಳಿಗೆ ಹಗ್ಗ ಹಾಕಿದ್ರಿ, ಹಿಂಗ.

ಕೇಳ್ರಿಲ್ಲೆ. ಅರ್ಜಿ ಕೊಟ್ಟಾರು ನಾವ, ಅದನ್ನ ಮುಚ್ಚಿಡೂದಿಲ್ಲ. ಠರಾವಿನ್ಯಾಗ ಇರೂದು ಇಷ್ಟು: ಬಂಕಿನ ನೆಲದಾಗಿನ ಟ್ಯಾಂಕ್ ಸೋರತೈತೋ ಇಲ್ಲೋ ಅಂತ ಟೈಮ್ ಟೈಮಿಗೆ ಟೆಸ್ಟ್ ಆಗಬೇಕು, ಆ ರಿಪೋರ್ಟಿನ ಒಂದು ಕಾಪಿ ಪಂಚಾಯ್ತಿಗೆ ಬರಬೇಕು, ಬಂದ್ ಆದ ಬಂಕಿನ ಟ್ಯಾಂಕ್ ನೆಲದಾಗ ಹಂಗ ಬಿಟ್ಟು ಹೋಗಬಾರದು, ಇದನ್ನೆಲ್ಲ ಕಾನೂನಿನ್ಯಾಗ ಚೊಲೋತಂಗ ಬರೀರಿ. ಪಂಚಾಯ್ತಿಗೆ ಕಾನೂನು ತಿದ್ದೂ ಅಧಿಕಾರನ ಇಲ್ಲ. ಪೆಟ್ರೋಲಿಯಂ ಕಾಯ್ದೆ 1934ರದು, ರೂಲ್ಸ್ 2002ರವು, ಎರಡೂ ಕೇಂದ್ರದವು, ಲೈಸೆನ್ಸ್ ಕೊಡೂ ಪೆಸೋ ಅನ್ನೂ ಕೇಂದ್ರದ ಸಂಸ್ಥೆಯ ಹೆಡ್ ಆಫೀಸ್ ನಾಗಪುರದಾಗ ಐತಿ, ಜಿಲ್ಲಾದಾಗ ಎನ್‌ಒಸಿ ಕೊಡಾವ್ರು ಡಿಸಿ ಸಾಹೇಬ್ರು. ಪಂಚಾಯ್ತಿ ನಮ್ಮ ಬೆನ್ನಿಗೆ ನಿಂತು ಮ್ಯಾಲಿನವ್ರಿಗೆ ಒಂದು ಪತ್ರ ಬರದೈತಿ, ಅಷ್ಟ. ಬಂಕ್ ಬಂದ್ ಮಾಡ್ಸಿದ್ದು ಪಂಚಾಯ್ತಿ ಅಂತ ಹೇಳಾವ್ರು ಅದನ್ನೂ ತಿಳ್ಕೊರಿ.

ಇನ್ನ ನಿಮ್ಮ ಬ್ಯಾರಲ್. ಅದ 1934ರ ಕಾಯ್ದೆಯ 7ನೇ ಕಲಂನಾಗ ಬರದೈತಿ, ಡೀಸೆಲ್ ಒಂದು ಜಾಗಾದಾಗ 2,500 ಲೀಟರ್ ಒಳಗ ಇದ್ದು, ಯಾವ ಒಂದು ಡಬ್ಬಿನೂ 1,000 ಲೀಟರ್ ದಾಟಿರಲಿಲ್ಲ ಅಂದ್ರ ಲೈಸೆನ್ಸ್ ಬೇಕಾಗಿಲ್ಲ. ನಿಮ್ಮ ಮನಿ ಹಿಂದಿನ ಬ್ಯಾರಲ್ 200 ಲೀಟರ್‌ದು. ಹತ್ತು ಬ್ಯಾರಲ್ ಇಟ್ರೂ ನಡೀತೈತಿ, ಅಷ್ಟು ಡೀಸೆಲ್ ರೊಕ್ಕಾ ಕೊಟ್ಟು ಒಯ್ಯಾವ್ರು ಯಾರದಾರ ಅದು ಬ್ಯಾರೆ ಮಾತು (ಉದ್ರಿ ಪಟ್ಟಿ ನನ್ನ ಮುಂದ ಐತಿ). ನಮ್ಮ ಡೈರೆಕ್ಟರ್ ಒಬ್ರ ಮಗ ಅಮೆರಿಕಾದಾಗ ಅದಾನ, ಅವನ್ನೂ ಕೇಳಿದ್ವಿ. ಅಲ್ಲೆ 1984ರಾಗ ನೆಲದಾಗಿನ ಟ್ಯಾಂಕಿಗಂತನ ಕಾಯ್ದೆ ತಂದು, 1988ರಾಗ ರೂಲ್ಸ್ ಮಾಡಿ, ಹಳೇ ಟ್ಯಾಂಕ್ ಸುಧಾರಿಸ್ರಿ ಇಲ್ಲಾ ತೆಗೀರಿ ಅಂತ ಹತ್ತು ವರ್ಷ ಟೈಮ್ ಕೊಟ್ರಂತ. ಅಷ್ಟು ಬಿಗಿ ಇರೂ ಅಲ್ಲೂ ರೈತರು ಸ್ವಂತಕ್ಕ ಇಟ್ಕೊಂಡ 1,100 ಗ್ಯಾಲನ್ ಒಳಗಿನ ಟ್ಯಾಂಕ್ ಬಿಟ್ಟಾರ, ನಮ್ಮ ಲೆಕ್ಕದಾಗ ಅದು ನಾಕು ಸಾವಿರ ಲೀಟರ್ ದಾಟತೈತಿ. ನಾವೂ ಅರ್ಜಿಯಾಗ ರೈತರ ಬ್ಯಾರಲ್ ಮುಟ್ಟಬ್ಯಾಡ್ರಿ ಅಂತ ಬ್ಯಾರೆ ಸಾಲಿನ್ಯಾಗ ಬರದೇವಿ, ಕಾಪಿ ಆಫೀಸಿನ್ಯಾಗ ಐತಿ, ಓದಾಕ ಬರ್ರಿ.

ಪೆಟ್ರೋಲ್ ಮಾತು ಬ್ಯಾರೆ. ಅದನ್ನ ಮನಿಯಾಗ ಇಡೂದಕ್ಕ 30 ಲೀಟರ್ ಮಿತಿ ಐತಿ, ಅದೂ ಮಾರಾಕಲ್ಲ, ಬಿಗಿ ಬೂಚಿನ ಪಾತ್ರದಾಗ ಇಡಬೇಕು. ನೀರಿನ ಪ್ಲಾಸ್ಟಿಕ್ ಬಾಟ್ಲಿ ಹಿಡ್ಕೊಂಡು ಬಂದು ಹುಡುಗರ ಸಂಗಾಟ ಜಗಳಾ ಮಾಡಬ್ಯಾಡ್ರಿ, ಹೊಸಾ ಟ್ಯಾಂಕ್ ಬಂದ ಮ್ಯಾಲೂ ಬಾಟ್ಲಿಗೆ ಹಾಕೂದಿಲ್ಲ. ಡೀಸೆಲ್ ಕ್ಯಾನಿಗೆ ಹಾಕ್ತೇವಿ, ಆದ್ರ ಔಷಧ ಹೊಡದ ಕ್ಯಾನ್ ತರಬ್ಯಾಡ್ರಿ, ಮತ್ತ ಕ್ಯಾನ್ ಟ್ರ್ಯಾಲಿ ಮ್ಯಾಲಿಂದ ಇಳಿಸಿ ನೆಲಕ್ಕ ಇಟ್ಟು ತುಂಬಿಸ್ಕೊರಿ.

ಹಂಗಾದ್ರ ಅರ್ಜಿ ಯಾಕ ಕೊಟ್ರಿ ಅಂತೀರಿ. ಸಾಲಿ ನಮ್ಮ ಗ್ವಾಡಿಗೆ ಹತ್ತೇತಿ, ಸಾಲಿ ಬೋರ್‌ವೆಲ್ ಹುಡುಗರು ಕುಡಿಯೂ ನೀರು. 2020ರ ಜನವರಿಯಾಗ ಕೇಂದ್ರದ ಮಾಲಿನ್ಯ ಮಂಡಳಿ ಹೊಸಾ ಬಂಕ್ ಸಾಲಿ, ದವಾಖಾನಿಯಿಂದ 50 ಮೀಟರ್ ದೂರ ಇರಬೇಕು ಅಂತ ಹೇಳೇತಿ, ಆದ್ರ ನಮ್ಮಂತಾ ಹಳೇ ಬಂಕ್ ಎಲ್ಲಿ ಐತೋ ಅಲ್ಲೆ ಐತಿ. ಒಳಗ ನೀರು ಬರೂ ತೂತಿನ್ಯಾಗ ಹೊರಗ ಎಣ್ಣಿ ಹೋಗೂದಿಲ್ಲ ಅಂತ ಯಾರು ಹೇಳಬೇಕು? ನಮ್ಮ ಗದಗ ಕಡೆ ನೀರಾಗ ಮೊದ್ಲ ಫ್ಲೋರೈಡ್, ಅದರಾಗ ಇದೂ ಬ್ಯಾಡ ಅಂತ ನೀರು ಟೆಸ್ಟಿಗೆ ಕಳಸಿದ್ವಿ, ಎಣ್ಣಿ ಅಂಶ ಸಿಕ್ಕಿಲ್ಲ, ರಿಪೋರ್ಟ್ ಹೆಡ್ಮಾಸ್ತರ ಕಡೆ ಕೊಟ್ಟೇವಿ. ಆ ಒಂದು ವಾರ ನನಗ ನಿದ್ದಿ ಹತ್ತಿರಲಿಲ್ಲ. ನನ್ನ ಮೊಮ್ಮಗಳೂ ಅದ ಸಾಲಿಗೆ ಹೋಗ್ತಾಳ್ರಿ. ಮತ್ತ ಖರೆ ಹೇಳಬೇಕಂದ್ರ ಇನ್ನೊಂದು ಕಾರಣನೂ ಐತಿ, ನಾವೊಬ್ರ ತಿಜೋರಿ ಖಾಲಿ ಮಾಡ್ಕೊಂಡು ಟ್ಯಾಂಕ್ ಬದಲಿ ಮಾಡಿ, ಹೈವೇ ಮ್ಯಾಲಿನವ್ರು ಹಳೇದರಾಗ ಆರಾಮ ಮಾರ್ಕೊಂತ ಕುಂತ್ರ ಹೊಟ್ಟಿ ಉರಿಯೂದಿಲ್ಲೇನು? ಕಾನೂನು ಅಂದ್ರ ಎಲ್ಲಾರಿಗೂ ಇರಲಿ.

ಹೊಸಾ ಟ್ಯಾಂಕ್ ಚಾಲೂ ಆದ ಮ್ಯಾಲೆ ಒಂದು ಫರಕ್ ಕಾಣತೈತಿ, ಟ್ಯಾಂಕರ್ ಖಾಲಿ ಮಾಡೂವಾಗ ಪಂಪ್ ಬಂದ್ ಇರತೈತಿ, ಸ್ವಲ್ಪ ನಿಲ್ಲಬೇಕಾಗತೈತಿ. ಅಳತಿ ಮ್ಯಾಲೆ ಡೌಟ್ ಇದ್ದಾವ್ರು ಯಾವಾಗರ ಬಂದು ಐದು ಲೀಟರ್ ಮಾಪ ಕೇಳ್ರಿ, ಹುಡುಗರು ಇಲ್ಲ ಅಂದ್ರ ನನ್ನ ಕರೀರಿ.

ಟ್ಯಾಂಕ್ ಎತ್ತೂ ದಿನ ನೋಡಾಕ ಮಂದಿ ಕೂಡತೈತಿ ಅಂತ ಗೊತ್ತೈತಿ, ಜೆಸಿಬಿ ಬಂದ್ರ ನಮ್ಮೂರಾಗ ಜಾತ್ರಿನ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಕೆಟ್ಟದ್ದು, ಒಳಗ ಆವಿ ಇರತೈತಿ, ಗ್ಯಾಸ್ ಪೂರ್ತಿ ಹೋಗೇತಿ ಅಂತ ಚೆಕ್ ಆಗೂತನಕ ಯಾರನ್ನೂ ಹತ್ರ ಬಿಡೂದಿಲ್ಲ. ರೋಡಿನ ಆಚಿ ಬೇವಿನ ಗಿಡದ ಕಡೆ ನಿಂದರ್ರಿ, ಬೀಡಿ ಮನಿಯಾಗ ಬಿಟ್ಟು ಬರ್ರಿ, ಮೊಬೈಲ್ ಹಿಡ್ಕೊಂಡು ಹಗ್ಗ ದಾಟಿ ವಿಡಿಯೋ ಮಾಡಾಕ ಬಂದಾವ್ರಿಗೆ ನಾನ ಮುಂದ ನಿಂತು ಬೈತೇನಿ, ಆವಾಗ ಸಿಟ್ಟಾಗಬ್ಯಾಡ್ರಿ.

ನಿಮ್ಮವ,
ಕಾರ್ಯದರ್ಶಿ, ಸಂಘದ ಆಡಳಿತ ಮಂಡಳಿ ಪರವಾಗಿ